ಮಗಳಿಗೆ 96 ಬಂತು ಅಂತ ಬರೆದ ತಾಯಿಗೆ

ಹಾಸನದ ಕಡೆಯ ತಾಯಿಯೊಬ್ಬರು ಬರೆದಿದ್ದಾರೆ. ಮಗಳು ಫಾರ್ಮ್.ಡಿ (ಫಾರ್ಮಸಿ ಓದು) ಮೂರನೇ ವರ್ಷ. ಕ್ಲಾಸಿನಲ್ಲಿ ಎಂಪಥಿ, ಅಂದರೆ ಇನ್ನೊಬ್ಬರ ಕಷ್ಟ ಅರ್ಥ ಮಾಡಿಕೊಳ್ಳುವ ಗುಣ, ಅಳೆಯುವ 20 ಹೇಳಿಕೆಗಳ ಹಾಳೆ ಕೊಟ್ಟು ಟಿಕ್ ಹಾಕಿಸಿದರಂತೆ. ಆಮೇಲೆ ಎಲ್ಲರ ಮುಂದೆ ಅಂಕ ಓದಿದರಂತೆ: ಇವಳಿಗೆ 140ಕ್ಕೆ 96, ಪಕ್ಕದ ಹುಡುಗಿಗೆ 121. ಅವತ್ತಿನಿಂದ ಮಗಳು ಸರಿಯಾಗಿ ಊಟ ಮಾಡ್ತಿಲ್ಲ, ‘ನಾನು ಕಲ್ಲುಮನಸ್ಸಿನವಳಾ ಅಮ್ಮ?’ ಅಂತ ಕೇಳ್ತಾಳಂತೆ. ‘ಮನಸ್ಸಿಗೂ ಮಾರ್ಕ್ಸ್ ಕೊಡೋಕಾಗುತ್ತಾ?’ ಅನ್ನೋದು ತಾಯಿಯ ಪ್ರಶ್ನೆ.

ಅಮ್ಮಾ, ಮೊದಲು ಮಗಳಿಗೆ ಇಷ್ಟು ಹೇಳಿ: ಅದರಲ್ಲಿ ಪಾಸು, ಫೇಲು ಅಂತ ಇಲ್ಲ.

ನೀವು ಬರೆದಿರುವುದು ನೋಡಿದರೆ ಅದು ಜೆಫರ್ಸನ್ ಎಂಪಥಿ ಸ್ಕೇಲ್ ಇರಬೇಕು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೊಹಮ್ಮದ್‌ರೆಝಾ ಹೊಜಾತ್ ಮತ್ತು ಜೊತೆಗಾರರು ಮಾಡಿದ್ದು. ಒಂದೊಂದು ಹೇಳಿಕೆಗೂ 1ರಿಂದ 7ರವರೆಗೆ ಅಂಕ. ಅರ್ಧ ಹೇಳಿಕೆಗಳು ಉಲ್ಟಾ, ಒಪ್ಪಿದಷ್ಟೂ ಅಂಕ ಕಡಿಮೆ. ಅವಸರದಲ್ಲಿ ಇಂಗ್ಲಿಷ್ ಓದಿ ಟಿಕ್ ಹಾಕುವಾಗ ಅಂಥ ನಾಲ್ಕು ಕಡೆ 6 ಅಂಕದ ಬದಲು 2 ಅಂಕ ಬಿದ್ದರೆ 16 ಅಂಕ ಹೋಯ್ತು. ಇನ್ನೊಂದು ಮಾತು. ಅಲ್ಲಿ ನಮ್ಮ ಬಗ್ಗೆ ನಾವೇ ಹೇಳಿಕೊಳ್ಳುವುದು. ‘ನಾನು ಒಳ್ಳೆಯವಳು’ ಅಂತ ಧಾರಾಳವಾಗಿ ಟಿಕ್ ಹಾಕುವವರಿಗೆ ಜಾಸ್ತಿ ಬರಬಹುದು, ಯೋಚಿಸಿ ಅನುಮಾನಪಡುವವರಿಗೆ ಕಡಿಮೆ.

ಹಾಗಂತ ಈ ಅಳತೆ ವ್ಯರ್ಥ ಅಂತ ನಾನು ಹೇಳಲಾರೆ. 29 ವೈದ್ಯರು, ಅವರ ಹತ್ತಿರ ಬರುವ 891 ಸಕ್ಕರೆ ಕಾಯಿಲೆಯವರನ್ನು ಇಟ್ಟುಕೊಂಡು 2011ರಲ್ಲಿ ಹೊಜಾತ್ ತಂಡ ಒಂದು ಅಧ್ಯಯನ ಪ್ರಕಟಿಸಿತು. ಹೆಚ್ಚು ಅಂಕದ ವೈದ್ಯರ ರೋಗಿಗಳಲ್ಲಿ ಸಕ್ಕರೆ ಹತೋಟಿಯಲ್ಲಿದ್ದವರು ಜಾಸ್ತಿ. ಅದೇ ವರ್ಷ ಅಮೆರಿಕದ ಫಾರ್ಮಸಿ ವಿದ್ಯಾರ್ಥಿಗಳ ಮೇಲೂ ಈ ಸ್ಕೇಲ್ ಪರೀಕ್ಷಿಸಿದರು. 2013ರಲ್ಲಿ ಫಾರ್ಮಸಿ, ನರ್ಸಿಂಗ್ ಮಕ್ಕಳಿಗೆಂದೇ 15 ಹೇಳಿಕೆಗಳ ಕಿಯರ್ಸ್ಮಾ-ಚೆನ್ ಸ್ಕೇಲ್ ಬಂತು. ಪಾಠಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅಳೆದರೆ ಕಲಿಸಿದ್ದು ಇಡೀ ಬ್ಯಾಚಿಗೆ ತಾಗಿತೋ ಇಲ್ಲವೋ ಗೊತ್ತಾಗುತ್ತದೆ. ಅದು ಒಳ್ಳೆಯ ಕೆಲಸ. ಒಬ್ಬೊಬ್ಬರ ನಂಬರ್ ಕ್ಲಾಸಿನಲ್ಲಿ ಓದಿ ಹೇಳಿದ್ದು ತಪ್ಪು. ನಿಮ್ಮ ಮಗಳ ಮೇಷ್ಟ್ರಿಗೆ ಈ ಪುಟ ತೋರಿಸಿ.

ಹೊಜಾತ್ ಪ್ರಕಾರ ಎಂಪಥಿ ಅಂದರೆ ಮರುಕವಲ್ಲ. ರೋಗಿಯ ಕಷ್ಟ ಅರ್ಥ ಮಾಡಿಕೊಳ್ಳಬೇಕು, ಅರ್ಥವಾಗಿದೆ ಅಂತ ಅವರಿಗೆ ಗೊತ್ತಾಗಿಸಬೇಕು, ಸಹಾಯ ಮಾಡುವ ಮನಸ್ಸಿರಬೇಕು. ಜೊತೆಗೆ ಕೂತು ಅಳಬೇಕಿಲ್ಲ.

ನಮ್ಮ ಬೀದಿಯ ಮೆಡಿಕಲ್ ಸ್ಟೋರಿನಲ್ಲಿ ಹೋದ ತಿಂಗಳು ಕಂಡದ್ದು ಹೇಳುತ್ತೇನೆ. ವಯಸ್ಸಾದವರೊಬ್ಬರು ಚೀಟಿ ಕೊಟ್ಟು, ‘ಎಲ್ಲಾದ್ರಲ್ಲೂ ಐದೈದು ಕೊಡವ್ವ ಸಾಕು’ ಅಂದರು. ಚೀಟಿಯಲ್ಲಿ ಇದ್ದದ್ದು ತಿಂಗಳ ಮಾತ್ರೆ. ಕತ್ತರಿ ಹಿಡಿದ ಹುಡುಗಿ ಸ್ಟ್ರಿಪ್ ಕತ್ತರಿಸಲಿಲ್ಲ. ಕೌಂಟರ್ ಮೇಲೆ ಬಾಗಿ, ಹಿಂದೆ ನಿಂತ ನಮಗೆ ಕೇಳಿಸದ ಹಾಗೆ ಏನೋ ಕೇಳಿದಳು. ಅವರು ತಲೆ ತಗ್ಗಿಸಿದರು. ಅವಳು ಡಾಕ್ಟರಿಗೆ ಫೋನ್ ಮಾಡಿ, ಅದೇ ಔಷಧಿ ಕಡಿಮೆ ಬೆಲೆಯದ್ದು ಕೊಡಬಹುದಾ ಅಂತ ಕೇಳಿಕೊಂಡಳು. ಆಮೇಲೆ ಒಂದು ಕವರಿನ ಮೇಲೆ ಸೂರ್ಯ, ಇನ್ನೊಂದರ ಮೇಲೆ ಚಂದ್ರ ಬರೆದು, ‘ಅಜ್ಜಾ, ಇದು ತಿಂಡಿ ಆದ್ಮೇಲೆ, ಇದು ರಾತ್ರಿ. ಈಗ ನೀವು ಹೇಳಿ ನೋಡೋಣ’ ಅಂದಳು. ಅಜ್ಜ ಹೇಳಿದರು. ಮೂರು ನಿಮಿಷವೂ ಆಗಿರಲಿಕ್ಕಿಲ್ಲ.

ಮಗಳು ಮುಂದಿನ ಸಲ ವಾರ್ಡಿಗೆ ಹೋಗಿ ಬಂದಾಗ ನಂಬರಿನ ಮಾತು ಬಿಡಿ. ಇವತ್ತು ಯಾರಿಗೆ ಮಾತ್ರೆ ವಿವರಿಸಿದೆ, ಅವರು ತಿರುಗಿ ಏನು ಕೇಳಿದರು ಅಂತ ಕೇಳಿ. ಅವಳು ಒಪ್ಪಿದರೆ ನಮಗೂ ಬರೆದು ಕಳಿಸಲಿ, ಪುಟ ಖಾಲಿ ಇಟ್ಟಿರುತ್ತೇನೆ.

— ಸಂ.