ಆಟಕ್ಕುಂಟು, ಲೆಕ್ಕಕ್ಕಿಲ್ಲ: ಹೈಸ್ಕೂಲಿನಿಂದ ಎನ್‌ಎಫ್‌ಎಲ್‌ವರೆಗೆ ಕ್ವಾರ್ಟರ್‌ಬ್ಯಾಕ್ ದಾರಿ

ನಿಮ್ಮ ಅಕ್ಕನ ಮಗ ಕ್ಯಾಲಿಫೋರ್ನಿಯಾದಲ್ಲಿ ಒಂಬತ್ತನೇ ಕ್ಲಾಸಿಗೆ ಸೇರಿದ್ದಾನೆ. ಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ಟೀಮಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಡುತ್ತಿದ್ದಾನೆ, ಮುಂದೆ ಎನ್‌ಎಫ್‌ಎಲ್‌ಗೆ, ಅಂದರೆ ಆ ಆಟದ ವೃತ್ತಿಪರ ಲೀಗ್‌ಗೆ, ಹೋಗುತ್ತೇನೆ ಅನ್ನುತ್ತಾನೆ. ಮೈಸೂರಿನಲ್ಲಿರುವ ನಿಮಗೆ ಈ ಆಟದ ಗಂಧಗಾಳಿ ಇಲ್ಲ. ಹೈಸ್ಕೂಲಿನಿಂದ ಅಲ್ಲಿಗೆ ದಾರಿ ಹೇಗೆ, ಇದು ಆಗೋ ಮಾತಾ ಅಂತ ಕೇಳಿದ್ದೀರಿ.

ನಾನು ಸ್ಯಾನ್ ಹೊಸೆಯಲ್ಲಿದ್ದೇನೆ. ನನ್ನ ಮಗ ಇಲ್ಲಿನ ಹೈಸ್ಕೂಲಿನಲ್ಲಿ ನಾಲ್ಕು ವರ್ಷ ಕ್ವಾರ್ಟರ್‌ಬ್ಯಾಕ್ ಆಗಿದ್ದ. ಅದರಲ್ಲಿ ಹೆಚ್ಚಿನ ಕಾಲ ಎರಡನೆಯವನು. ಹಾಗಾಗಿ ಮೊದಲ ಮೆಟ್ಟಿಲನ್ನು ಕಣ್ಣಾರೆ ಕಂಡಿದ್ದೇನೆ. ಉಳಿದದ್ದು ವರ್ಷಗಟ್ಟಲೆ ಆಟ ನೋಡಿ, ಮಗನಿಗೋಸ್ಕರ ಓದಿ ತಿಳಿದದ್ದು.

ಮೊದಲು ಒಂದು ವಿಷಯ. ಮೈದಾನದಲ್ಲಿ ಒಂದೊಂದು ಕಡೆಗೆ 11 ಜನ. ಚೆಂಡು ಹಿಡಿಯಲು ಓಡುವವರು ಮೂರು ನಾಲ್ಕು ಜನ ಇರುತ್ತಾರೆ, ಮುಂದೆ ಗೋಡೆಯ ಹಾಗೆ ನಿಲ್ಲುವವರು ಐದು ಜನ. ಕ್ವಾರ್ಟರ್‌ಬ್ಯಾಕ್ ಮಾತ್ರ ಒಬ್ಬನೇ. ಹೆಚ್ಚುಕಮ್ಮಿ ಪ್ರತಿ ಸಲವೂ ಚೆಂಡು ಮೊದಲು ಬರುವುದು ಅವನ ಕೈಗೆ. ಎಸೆಯಬೇಕಾ, ಪಕ್ಕದವನಿಗೆ ಕೊಡಬೇಕಾ, ತಾನೇ ಓಡಬೇಕಾ ಅನ್ನುವುದು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನ ಆಗಬೇಕು. ಕ್ರಿಕೆಟ್‌ನಲ್ಲಿ ಒಬ್ಬ ಬೌಲರ್ ಓವರ್ ಮುಗಿಸಿದರೆ ಇನ್ನೊಬ್ಬನಿಗೆ ಚೆಂಡು ಸಿಗುತ್ತದೆ. ಇಲ್ಲಿ ಹಾಗಿಲ್ಲ. ಕೋಚ್ ಒಬ್ಬನನ್ನು ನಂಬಿದರು ಅಂದರೆ ಇನ್ನೊಬ್ಬ ಇಡೀ ಸೀಸನ್ ಹೆಲ್ಮೆಟ್ ಕೈಯಲ್ಲಿ ಹಿಡಿದು ಗೆರೆಯಾಚೆ ನಿಂತಿರಬೇಕು. ಅದಕ್ಕೇ, ಹುಡುಗ ಎಷ್ಟು ದೂರ ಎಸೆಯುತ್ತಾನೆ ಅನ್ನುವುದಕ್ಕಿಂತ ಅವನಿಗೆ ಆಡಲು ಎಲ್ಲಿ ಸಿಗುತ್ತದೆ ಅನ್ನುವುದು ಪ್ರತಿ ಮೆಟ್ಟಿಲಲ್ಲೂ ದೊಡ್ಡ ಪ್ರಶ್ನೆ.

ಹೈಸ್ಕೂಲಿನಲ್ಲಿ ಸಾಮಾನ್ಯವಾಗಿ ಮೂರು ಹಂತ. ಒಂಬತ್ತನೇ ಕ್ಲಾಸಿನವರಿಗೆ ಫ್ರೆಶ್‌ಮನ್ ಟೀಮ್, ಆಮೇಲೆ ಜೆವಿ (ಜೂನಿಯರ್ ವಾರ್ಸಿಟಿ), ಕೊನೆಗೆ ಸ್ಕೂಲಿನ ಮುಖ್ಯ ಟೀಮಾದ ವಾರ್ಸಿಟಿ. ಶುಕ್ರವಾರ ರಾತ್ರಿ ಲೈಟ್ ಹಾಕಿ, ಬ್ಯಾಂಡ್ ಬಾರಿಸಿ, ಊರಿಗೆ ಊರೇ ಬಂದು ನೋಡುವುದು ವಾರ್ಸಿಟಿ ಆಟ. ಕಾಲೇಜಿನ ಕೋಚ್‌ಗಳು ಕೇಳುವುದೂ ಅದರ ವಿಡಿಯೊವನ್ನೇ. ಸ್ಕೂಲ್‌ನವರು ಪ್ರತಿ ಆಟವನ್ನೂ ಚಿತ್ರೀಕರಿಸಿ ಹಡಲ್ ಅನ್ನುವ ಆ್ಯಪ್‌ಗೆ ಹಾಕುತ್ತಾರೆ. ಹುಡುಗರು ಅದರಲ್ಲಿ ಒಳ್ಳೆಯ ತುಣುಕು ಆರಿಸಿ ಕಳಿಸುತ್ತಾರೆ. ಆಡಿದ್ದರೆ ತಾನೇ ವಿಡಿಯೊ, ಅಲ್ವಾ?

ಈ ಹಂತದಲ್ಲಿ ಹುಡುಗ ಕಲಿಯಬೇಕಾದ ಮುಖ್ಯ ಕೆಲಸ ಭುಜದ್ದಲ್ಲ, ಕಣ್ಣಿನದು. ನಮ್ಮನೆಯ ಅಡುಗೆಮನೆ ಕಟ್ಟೆಯ ಮೇಲೆ ಅದು ನಡೆಯುತ್ತಿತ್ತು. ಮಗ ಹನ್ನೊಂದು ಸ್ಟೀಲ್ ಲೋಟ ಜೋಡಿಸುತ್ತಿದ್ದ, ಅವು ಎದುರಾಳಿಗಳು. ನನ್ನ ಹೆಂಡತಿ ಚಪಾತಿ ಲಟ್ಟಿಸುತ್ತಾ, ಅವನು ಬೆನ್ನು ತಿರುಗಿಸಿದಾಗ ಒಂದೆರಡು ಲೋಟ ಆಚೀಚೆ ಸರಿಸುತ್ತಿದ್ದಳು. ತಿರುಗಿ ನೋಡಿದ ತಕ್ಷಣ ಹೇಳಬೇಕು. ತೀರಾ ಹಿಂದೆ ಎರಡು ಲೋಟ ನಿಂತಿದ್ದರೆ ಮೈದಾನದ ನಡುಮಧ್ಯ ಖಾಲಿ ಸಿಗಬಹುದು. ಒಂದೇ ಲೋಟ ಮಧ್ಯದಲ್ಲಿ ನಿಂತಿದ್ದರೆ ಅಂಚುಗಳ ಕಡೆ ನೋಡು. ಅವನ ಎಡ ಮುಂಗೈಗೆ ಒಂದು ಪಟ್ಟಿ, ಅದರೊಳಗೆ ಇರುವೆ ಸಾಲಿನಂಥ ಅಕ್ಷರದ ಚೀಟಿ. ಕೋಚ್ ಹೊರಗಿಂದ ನಂಬರ್ ಕೂಗಿದರೆ ಚೀಟಿಯಲ್ಲಿ ಆ ನಂಬರಿನ ಆಟ ಯಾವುದು ಅಂತ ನೋಡಿ ಉಳಿದ ಹತ್ತು ಜನಕ್ಕೆ ಹೇಳಬೇಕು. ಹೆಂಡತಿ ನಂಬರ್ ಹೇಳುತ್ತಿದ್ದಳು, ಅವನು ಚೀಟಿ ನೋಡದೆ ಒಪ್ಪಿಸುತ್ತಿದ್ದ, ನಾವು ಚಿಕ್ಕವರಿದ್ದಾಗ ಮಗ್ಗಿ ಒಪ್ಪಿಸಿದ ಹಾಗೆ. ಆಡಲು ಸಿಗದ ವರ್ಷಗಳಲ್ಲಿ ಅವನು ಜಾಸ್ತಿ ಕಲಿತದ್ದು ಆ ಕಟ್ಟೆಯ ಮೇಲೆ.

ಖಾಸಗಿ ಕೋಚಿಂಗ್, ಬೇಸಿಗೆ ಕ್ಯಾಂಪು ಅಂತ ದುಡ್ಡು ಸುರಿಯುವವರು ಬಹಳ. ಒಳ್ಳೆಯವೂ ಇವೆ. ಆದರೆ ನಾವು ನೂರಾರು ಡಾಲರ್ ಕೊಟ್ಟು ಹೋದ ಒಂದು ಕ್ಯಾಂಪಿನಲ್ಲಿ ಇಡೀ ದಿನಕ್ಕೆ ಮಗ ಎಸೆದದ್ದು 14 ಚೆಂಡು. ನಾನೇ ಕೂತು ಎಣಿಸಿದ್ದೇನೆ. ದುಡ್ಡು ಕಟ್ಟುವ ಮುಂಚೆ, ಒಬ್ಬ ಹುಡುಗನಿಗೆ ಎಷ್ಟು ಸಲ ಸರದಿ ಬರುತ್ತದೆ ಅಂತ ಕೇಳಲು ನಿಮ್ಮ ಅಕ್ಕನಿಗೆ ಹೇಳಿ. ಓದನ್ನೂ ಬಿಡಬಾರದು. ದೊಡ್ಡ ಕಾಲೇಜುಗಳ ಮೊದಲ ಡಿವಿಷನ್‌ನಲ್ಲಿ ಆಡಬೇಕಾದರೆ ಹೈಸ್ಕೂಲಿನ 16 ಮುಖ್ಯ ಕೋರ್ಸುಗಳಲ್ಲಿ ಕನಿಷ್ಠ 2.3 ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) ಬೇಕು.

ಈಗ ಕಾಲೇಜು. ಹೈಸ್ಕೂಲಿನಲ್ಲಿ ಈ ಆಟ ಆಡುವವರು ದೇಶದಲ್ಲಿ ಸುಮಾರು 10 ಲಕ್ಷ. ಕಾಲೇಜು ಟೀಮಿಗೆ ಹೋಗುವವರು ನೂರಕ್ಕೆ ಏಳೆಂಟು ಜನ. ಅಲ್ಲಿಂದ ಎನ್‌ಎಫ್‌ಎಲ್‌ಗೆ ನೂರಕ್ಕೆ ಇಬ್ಬರೂ ಇಲ್ಲ. ಇದನ್ನು ಹುಡುಗನಿಂದ ಮುಚ್ಚಿಡಬೇಡಿ. ಆದರೆ ದಾರಿ ಒಂದೇ ಅಲ್ಲ ಅನ್ನುವುದನ್ನೂ ಹೇಳಿ.

ಹೆಸರಾಂತ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ ನಮ್ಮ ಕ್ಯಾಲಿಫೋರ್ನಿಯಾದವನೇ, ಚೀಕೊ ಊರಿನ ಪ್ಲೆಸೆಂಟ್ ವ್ಯಾಲಿ ಹೈಸ್ಕೂಲು. ಹೈಸ್ಕೂಲ್ ಮುಗಿಸಿದಾಗ ಒಂದೇ ಒಂದು ದೊಡ್ಡ ಕಾಲೇಜೂ ಸ್ಕಾಲರ್‌ಶಿಪ್ ಕೊಡಲಿಲ್ಲ. ಮನೆ ಹತ್ತಿರದ ಬ್ಯೂಟ್ ಅನ್ನುವ ಎರಡು ವರ್ಷದ ಕಮ್ಯುನಿಟಿ ಕಾಲೇಜಿಗೆ ಸೇರಿದ. ಅಲ್ಲಿ ಆಡಲು ಸಿಕ್ಕಿತು, ಅದೇ ಮುಖ್ಯ. ಬರ್ಕ್ಲಿ ವಿಶ್ವವಿದ್ಯಾಲಯದ ಕೋಚ್ ಜೆಫ್ ಟೆಡ್‌ಫರ್ಡ್ ಆ ಟೀಮಿನ ಬೇರೊಬ್ಬ ಆಟಗಾರನ ಮೇಲೆ ಕಣ್ಣಿಟ್ಟಿದ್ದರು. ಅವನಿಗೆ ಚೆಂಡು ಎಸೆಯುತ್ತಿದ್ದ ಹುಡುಗ ಕಣ್ಣಿಗೆ ಬಿದ್ದ. 2003ರಲ್ಲಿ ಬರ್ಕ್ಲಿ, 2005ರಲ್ಲಿ ಡ್ರಾಫ್ಟ್‌ನ (ಎನ್‌ಎಫ್‌ಎಲ್ ಟೀಮುಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವುದು) 24ನೇ ಆಯ್ಕೆಯಾಗಿ ಗ್ರೀನ್ ಬೇ ಟೀಮು. ಅಲ್ಲೂ ಮೊದಲನೆಯವನಾಗಿದ್ದ ಬ್ರೆಟ್ ಫಾರ್ವ್ ಹಿಂದೆ ಮೂರು ವರ್ಷ ಕೂತ. 2008ರಲ್ಲಿ ಜಾಗ ಸಿಕ್ಕಿತು, 2011ರ ಫೆಬ್ರವರಿಯಲ್ಲಿ ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದ. ಹೆಸರು ಕೇಳದ ಕಾಲೇಜು ಅಂತ ನಮ್ಮವರು ಮೂಗು ಮುರಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಜೋ ಬರೋ ಕಥೆ ಇನ್ನೊಂದು ಥರ. ಒಹಾಯೊ ಸ್ಟೇಟ್‌ನಂಥ ದೊಡ್ಡ ಕಾಲೇಜಿನಲ್ಲಿ ಮೂರು ವರ್ಷ ಇದ್ದ, ಮೊದಲನೆಯವನ ಜಾಗ ಸಿಗಲಿಲ್ಲ. 2018ರಲ್ಲಿ ಎಲ್‌ಎಸ್‌ಯುಗೆ (ಲೂಸಿಯಾನ ಸ್ಟೇಟ್) ಬದಲಾಯಿಸಿಕೊಂಡ. 2019ರಲ್ಲಿ 60 ಟಚ್‌ಡೌನ್ ಪಾಸ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿ ಅಂಕ ತರುವ ಎಸೆತ), 15ಕ್ಕೆ 15 ಗೆಲುವು. 2020ರ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಅವನೇ. ಈಗಂತೂ ಟ್ರಾನ್ಸ್‌ಫರ್ ಪೋರ್ಟಲ್ ಬಂದಮೇಲೆ ಕಾಲೇಜು ಬದಲಾಯಿಸುವುದು ಸಲೀಸು, ಮತ್ತು 2021ರಿಂದ ಆಟಗಾರರು ತಮ್ಮ ಹೆಸರಿನ ಮೇಲೆ ದುಡ್ಡೂ ಗಳಿಸಬಹುದು. ಇದಕ್ಕೆ ಇನ್ನೊಂದು ಮುಖವೂ ಇದೆ. ಹೈಸ್ಕೂಲ್ ಹುಡುಗನನ್ನು ತಂದು ಎರಡು ವರ್ಷ ತಯಾರು ಮಾಡುವ ಬದಲು, ಬೇರೆ ಕಡೆ ಆಡಿ ಪಳಗಿದವನನ್ನೇ ಕೋಚ್‌ಗಳು ಕರೆತರುತ್ತಾರೆ. ಹೈಸ್ಕೂಲ್ ಹುಡುಗರಿಗೆ ಬಾಗಿಲು ಸ್ವಲ್ಪ ಕಿರಿದಾಗಿದೆ ಅಂತ ನನಗೆ ಅನ್ನಿಸುತ್ತದೆ.

ಕಾಲೇಜಿನ ನಂತರ ಡ್ರಾಫ್ಟ್. ಹೈಸ್ಕೂಲ್ ಮುಗಿದು ಮೂರು ವರ್ಷ ಆಗುವ ತನಕ ಅದಕ್ಕೆ ಹೋಗುವ ಹಾಗಿಲ್ಲ. 32 ಟೀಮು, ಏಳು ಸುತ್ತು. ಅದಕ್ಕೆ ಮುಂಚೆ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ ಅಂತ ನಡೆಯುತ್ತದೆ. ಎತ್ತರ, ತೂಕ, ಓಟ, ಎಸೆತ, ಮಾತುಕತೆ, ಡಾಕ್ಟರ್ ತಪಾಸಣೆ ಎಲ್ಲ ಅಲ್ಲೇ.

ನಿಮ್ಮ ಹುಡುಗನಿಗೆ ಒಂದೇ ಒಂದು ಕಥೆ ಹೇಳುವುದಾದರೆ ಬ್ರಾಕ್ ಪರ್ಡಿಯದನ್ನು ಹೇಳಿ. ಅರಿಜೋನದ ಗಿಲ್ಬರ್ಟ್ ಊರಿನ ಪೆರಿ ಹೈಸ್ಕೂಲಿನವನು. ತುಂಬಾ ಎತ್ತರವಿಲ್ಲ, ಭುಜದಲ್ಲಿ ಫಿರಂಗಿಯೂ ಇಲ್ಲ. ಅಯೋವಾ ಸ್ಟೇಟ್ ಸೇರಿದ ಮೊದಲ ವರ್ಷವೇ, 2018ರ ಅಕ್ಟೋಬರ್‌ನಲ್ಲಿ, ಒಕ್ಲಹೋಮ ಸ್ಟೇಟ್ ವಿರುದ್ಧ ಆಟದ ನಡುವೆ ಕೋಚ್ ಅವನನ್ನು ಒಳಗೆ ಕಳಿಸಿದರು. ನಾಲ್ಕು ಟಚ್‌ಡೌನ್ ಎಸೆದ, 48-42ರಲ್ಲಿ ಗೆಲ್ಲಿಸಿದ. ಆಮೇಲೆ ನಾಲ್ಕು ವರ್ಷ ಆ ಜಾಗ ಬಿಡಲಿಲ್ಲ.

ಆದರೂ 2022ರ ಡ್ರಾಫ್ಟ್‌ನಲ್ಲಿ ಅವನ ಹೆಸರು ಬಂದದ್ದು 262ನೆಯದಾಗಿ. ಒಟ್ಟು ಆಯ್ಕೆಗಳೇ 262. ಕೊನೆಯವನಿಗೆ ಇಲ್ಲಿ 'ಮಿಸ್ಟರ್ ಇರ್ರೆಲವೆಂಟ್' ಅಂತ ಹೆಸರು ಇಡುತ್ತಾರೆ. ನಮ್ಮ ಕಡೆ ಚಿಕ್ಕ ಮಕ್ಕಳನ್ನು ಆಟಕ್ಕೆ ಸೇರಿಸಿಕೊಳ್ಳುವಾಗ ಹೇಳುತ್ತೇವಲ್ಲ, ಆಟಕ್ಕುಂಟು ಲೆಕ್ಕಕ್ಕಿಲ್ಲ, ಅದೇ. ಆರಿಸಿದ್ದು ನಮ್ಮೂರ ಟೀಮು, ಸಾಂಟಾ ಕ್ಲಾರಾದ ಫಾರ್ಟಿನೈನರ್ಸ್. ಅವನ ಮುಂದೆ ಇಬ್ಬರಿದ್ದರು. ಟ್ರೇ ಲ್ಯಾನ್ಸ್‌ನನ್ನು ಹಿಂದಿನ ವರ್ಷ ಮೂರನೇ ಆಯ್ಕೆಯಾಗಿ ತಂದಿದ್ದರು, ಅದಕ್ಕೋಸ್ಕರ ತಮ್ಮ ಹಲವು ಮೊದಲ ಸುತ್ತಿನ ಸರದಿಗಳನ್ನೇ ಬಿಟ್ಟುಕೊಟ್ಟಿದ್ದರು. ಇನ್ನೊಬ್ಬ ಅನುಭವಿ ಜಿಮ್ಮಿ ಗರಾಪ್ಪೊಲೊ.

ಮೂರನೆಯವನ ವಾರ ಹೇಗಿರುತ್ತದೆ ಗೊತ್ತಾ? ಪ್ರಾಕ್ಟೀಸ್‌ನಲ್ಲಿ ಮೊದಲನೆಯವನಿಗೆ ಬಹುತೇಕ ಎಲ್ಲ ಸರದಿ. ಮೂರನೆಯವನು ಮುಂದಿನ ಎದುರಾಳಿಯ ಕ್ವಾರ್ಟರ್‌ಬ್ಯಾಕ್ ಥರ ನಟಿಸುತ್ತಾ ತಮ್ಮ ಡಿಫೆನ್ಸ್‌ಗೆ ಅಭ್ಯಾಸ ಮಾಡಿಸುತ್ತಾನೆ. ತನ್ನ ಟೀಮಿನ ಆಟಗಳನ್ನು ಕಲಿಯುವುದು ಮೀಟಿಂಗ್‌ನಲ್ಲಿ, ವಿಡಿಯೊದಲ್ಲಿ, ಮನಸ್ಸಿನಲ್ಲೇ.

ಎರಡನೇ ವಾರ ಲ್ಯಾನ್ಸ್ ಪಾದದ ಕೀಲು ಮುರಿಯಿತು. ಡಿಸೆಂಬರ್ 4ರಂದು ಮಯಾಮಿ ವಿರುದ್ಧ, ಆಟ ಶುರುವಾದ ಸ್ವಲ್ಪ ಹೊತ್ತಿಗೇ ಗರಾಪ್ಪೊಲೊ ಪಾದವೂ ಮುರಿಯಿತು. ನಾನೂ ಮಗನೂ ಟಿವಿ ಮುಂದೆ ಕೂತಿದ್ದೆವು. ಸೀಸನ್ ಮುಗೀತು ಅಂದೆ ನಾನು. ಮಗ ಆಗ ಹತ್ತನೇ ಕ್ಲಾಸು, ಆ ವರ್ಷ ಒಂದು ಆಟದಲ್ಲೂ ಪೂರ್ತಿ ಆಡಿರಲಿಲ್ಲ. ಅವನು ಟಿವಿಗೆ ಹತ್ತಿರ ಸರಿದು ಕೂತ. ಎನ್‌ಎಫ್‌ಎಲ್‌ನಲ್ಲಿ ಹೆಲ್ಮೆಟ್‌ನೊಳಗೆ ಸ್ಪೀಕರ್ ಇರುತ್ತದೆ, ಕೋಚ್ ಕಿವಿಯಲ್ಲೇ ಹೇಳುತ್ತಾರೆ. 40 ಸೆಕೆಂಡಿನ ಗಡಿಯಾರದಲ್ಲಿ 15 ಉಳಿದಾಗ ಆ ದನಿ ಕಟ್ ಆಗುತ್ತದೆ. ಅಲ್ಲಿಂದ ಮುಂದೆ ಹುಡುಗ ಒಬ್ಬನೇ. "ಈಗ ಕಟ್ ಆಯ್ತು ಅಪ್ಪಾ, ಅವನ ಕಣ್ಣು ನೋಡು" ಅಂತಿದ್ದ ಮಗ. ಪರ್ಡಿ ತಲೆ ಎತ್ತಿ ಹಿಂದಿನ ಸಾಲು ನೋಡುತ್ತಿದ್ದ, ನಮ್ಮ ಕಟ್ಟೆಯ ಲೋಟಗಳನ್ನು ಮಗ ನೋಡುತ್ತಿದ್ದ ಹಾಗೆ. 33-17ರಲ್ಲಿ ಗೆದ್ದರು. ಮುಂದಿನ ಭಾನುವಾರ ಎದುರಿಗೆ ದಿಗ್ಗಜ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ. ಅವನೂ 2000ದ ಡ್ರಾಫ್ಟ್‌ನಲ್ಲಿ 199ನೆಯವನಾಗಿ ಬಂದವನೇ. ಅದನ್ನೂ 35-7ರಲ್ಲಿ ಗೆದ್ದರು.

ಆ ಸೀಸನ್ ಸುಖವಾಗಿ ಮುಗಿಯಲಿಲ್ಲ. 2023ರ ಜನವರಿಯಲ್ಲಿ ಫಿಲಡೆಲ್ಫಿಯಾದಲ್ಲಿ, ಸೂಪರ್ ಬೌಲ್‌ಗೆ ಒಂದೇ ಹೆಜ್ಜೆ ಇರುವಾಗ, ಎಸೆಯುವ ಕೈಯ ಮೊಣಕೈ ಲಿಗಮೆಂಟ್ ಹರಿಯಿತು. ಮಾರ್ಚ್‌ನಲ್ಲಿ ಆಪರೇಷನ್, ಸೆಪ್ಟೆಂಬರ್‌ನಲ್ಲಿ ಮೊದಲ ಆಟಕ್ಕೇ ವಾಪಸ್. ಆ ಸೀಸನ್‌ನಲ್ಲಿ 4,280 ಗಜ ಎಸೆದ, ಅದು ಫಾರ್ಟಿನೈನರ್ಸ್ ದಾಖಲೆ. ಸೂಪರ್ ಬೌಲ್‌ನಲ್ಲಿ ಕಾನ್ಸಾಸ್ ಸಿಟಿ ಎದುರು ಹೆಚ್ಚುವರಿ ಸಮಯದಲ್ಲಿ 25-22ರಿಂದ ಸೋತರು. 2025ರ ಮೇನಲ್ಲಿ ಅವನಿಗೆ ಐದು ವರ್ಷಕ್ಕೆ 26.5 ಕೋಟಿ ಡಾಲರ್ ಒಪ್ಪಂದ ಆಯಿತು.

ನನ್ನ ಮಗನಿಗೆ ಹನ್ನೆರಡನೇ ಕ್ಲಾಸಿನಲ್ಲಿ, ಮೊದಲನೆಯವನಿಗೆ ಪೆಟ್ಟಾದಾಗ, ಐದು ಆಟ ಸಿಕ್ಕವು. ಮೂರು ಗೆದ್ದರು. ಕಾಲೇಜಿನಲ್ಲಿ ಅವನು ಆಡುತ್ತಿಲ್ಲ, ಆದರೆ ಆ ಐದು ಶುಕ್ರವಾರಗಳಿಗೆ ಅವನು ಸಿದ್ಧವಾಗಿದ್ದ. ಅದನ್ನು ನೆನೆದರೆ ಇವತ್ತಿಗೂ ನನ್ನ ಗಂಟಲು ಕಟ್ಟುತ್ತದೆ.

ಒಂದು ಮಾತು ನಿಮ್ಮ ಅಕ್ಕನಿಗೆ. ತಲೆಗೆ ಬೀಳುವ ಪೆಟ್ಟನ್ನು ಹಗುರವಾಗಿ ತಗೋಬೇಡಿ. ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಹೈಸ್ಕೂಲ್ ಸೀಸನ್‌ನಲ್ಲಿ ಮೈಗೆ ಮೈ ಗುದ್ದುವ ಪ್ರಾಕ್ಟೀಸ್ ವಾರಕ್ಕೆ ಎರಡಕ್ಕಿಂತ ಜಾಸ್ತಿ ಮಾಡಿಸುವ ಹಾಗಿಲ್ಲ, ಅದೂ ಒಂದೊಂದು 90 ನಿಮಿಷದೊಳಗೆ. ಕನ್‌ಕಶನ್ (ಪೆಟ್ಟಿನಿಂದ ಮಿದುಳಿಗೆ ಆಗುವ ಆಘಾತ) ಆದರೆ ಕನಿಷ್ಠ ಏಳು ದಿನ, ಡಾಕ್ಟರ್ ನಿಗಾದಲ್ಲಿ ಹಂತ ಹಂತವಾಗಿಯೇ ವಾಪಸ್ ಬರಬೇಕು. "ಏನೂ ಆಗಿಲ್ಲಮ್ಮ" ಅಂತ ಹುಡುಗರು ಮುಚ್ಚಿಡುತ್ತಾರೆ. ನನ್ನ ಮಗನೂ ಒಮ್ಮೆ ಮುಚ್ಚಿಟ್ಟ, ಎರಡು ದಿನ ಬೆಳಕು ನೋಡಲಾಗದೆ ಮಲಗಿದಾಗ ಗೊತ್ತಾಯಿತು.

ನೀವು ಮೈಸೂರಿನಿಂದಲೇ ಒಂದು ಕೆಲಸ ಮಾಡಬಹುದು. ಎಷ್ಟೋ ಸ್ಕೂಲುಗಳು ಆಟವನ್ನು ಇಂಟರ್ನೆಟ್‌ನಲ್ಲಿ ನೇರ ತೋರಿಸುತ್ತವೆ. ಇಲ್ಲಿ ಶುಕ್ರವಾರ ರಾತ್ರಿ ಏಳು ಅಂದರೆ ನಿಮಗೆ ಶನಿವಾರ ಬೆಳಿಗ್ಗೆ ಏಳೂವರೆ, ಕಾಫಿ ಹೊತ್ತು. ಅವನು ಒಳಗೆ ಇಳಿಯದಿದ್ದರೂ ನೋಡಿ. ಗೆರೆಯಾಚೆ ನಿಂತಾಗ ಅವನ ಕಣ್ಣು ಎಲ್ಲಿದೆ ಅಂತ ಗಮನಿಸಿ, ಆಮೇಲೆ ಫೋನ್ ಮಾಡಿ ಎದುರಾಳಿಯ ಹಿಂದಿನ ಸಾಲಿನಲ್ಲಿ ಎಷ್ಟು ಜನ ನಿಂತಿದ್ದರು ಅಂತ ಕೇಳಿ.