ರಾತ್ರಿ ದಡಕ್ಕೆ ಎಷ್ಟು ಹತ್ತಿರ ಇರಬೇಕು?

ಪ್ರಶ್ನೆ: ನಾವು ಮೂವರು ಗೆಳೆಯರು. 10 ಮೀಟರ್ ಉದ್ದದ ಹಾಯಿದೋಣಿ ಇದೆ. ಇಲ್ಲಿಯವರೆಗೆ ಬೆಳಿಗ್ಗೆ ಹೊರಟು ಸಂಜೆಯೊಳಗೆ ಮರಳುತ್ತಿದ್ದೆವು. ಈಗ ಕರಾವಳಿಗುಂಟ 150 ನಾಟಿಕಲ್ ಮೈಲಿ, ಎಲ್ಲೂ ನಿಲ್ಲದೆ ಹೋಗುವ ಆಸೆ. ರಾತ್ರಿ ದಡಕ್ಕೆ ಹತ್ತಿರ ಇದ್ದರೆ ಕ್ಷೇಮ ಅಲ್ವಾ? ನಿದ್ದೆ ಹೇಗೆ ಹೊಂದಿಸಬೇಕು?

ಉತ್ತರ: ದಡದ ದೀಪ ಕಂಡರೆ ಮನಸ್ಸಿಗೆ ಧೈರ್ಯ, ನಿಜ. ಆದರೆ ಹಾಯಿದೋಣಿಗೆ ಬೇಕಾಗಿರುವುದು ಸುತ್ತ ಜಾಗ. ಗಾಳಿ ಸಮುದ್ರದಿಂದ ನೆಲದ ಕಡೆ ಬೀಸುತ್ತಿದೆ, ನೀವು ದಡದಿಂದ 2 ಮೈಲಿ ದೂರ ಇದ್ದೀರಿ ಅಂದುಕೊಳ್ಳಿ. ಹಾಯಿ ಹರಿಯಿತು, ಇಂಜಿನ್ ಕೈಕೊಟ್ಟಿತು. ಗಂಟೆಗೆ 2 ಮೈಲಿಯಂತೆ ತೇಲಿದರೂ ಒಂದೇ ಗಂಟೆಯಲ್ಲಿ ಬಂಡೆಯ ಮೇಲಿರುತ್ತೀರಿ. 10 ಮೈಲಿ ಹೊರಗಿದ್ದರೆ ಐದು ಗಂಟೆ ಸಿಗುತ್ತದೆ. ಡೀಸೆಲ್ ಫಿಲ್ಟರ್ ಬದಲಿಸಿ, ಬೇರೆ ಹಾಯಿ ಏರಿಸಲು ಅಷ್ಟು ಸಾಕು. ಮೀನು ಬಲೆಗಳೂ ದಡದ ಬಳಿಯೇ ಜಾಸ್ತಿ. ಕತ್ತಲಲ್ಲಿ ಪ್ರೊಪೆಲ್ಲರ್‌ಗೆ ಹಗ್ಗ ಸುತ್ತಿಕೊಂಡರೆ ಬಿಡಿಸುವುದು ಸುಲಭವಲ್ಲ. ರಾತ್ರಿಯ ನೆಲಗಾಳಿ ದಡದ ಹತ್ತಿರ ಚೆನ್ನಾಗಿ ಸಿಗುತ್ತದೆ ಎನ್ನುವವರಿದ್ದಾರೆ. ಸುಳ್ಳಲ್ಲ. ಆದರೂ ಮೊದಲ ರಾತ್ರಿಗೆ ನಾನು ಜಾಗವನ್ನೇ ಆರಿಸುತ್ತೇನೆ. ಹೊರಗೆ ದೊಡ್ಡ ಹಡಗುಗಳ ದಾರಿ ಎಲ್ಲಿದೆ ಎಂದು ನಕ್ಷೆಯಲ್ಲಿ ನೋಡಿ, ಆ ದಾರಿಗೂ ದಡಕ್ಕೂ ನಡುವೆಯೇ ಉಳಿಯಿರಿ.

ನಕ್ಷೆ ನೋಡುವಾಗ ನೀವು ಹೋಗುವ ಗೆರೆಯ ಉದ್ದಕ್ಕೂ ಹಿಗ್ಗಿಸಿ ನೋಡಿ. 2014ರ ನವೆಂಬರ್‌ನಲ್ಲಿ ಪ್ರಪಂಚ ಸುತ್ತುವ ಹಾಯಿದೋಣಿ ಸ್ಪರ್ಧೆಯಾದ ವೋಲ್ವೊ ಓಶನ್ ರೇಸ್‌ನ ಟೀಮ್ ವೆಸ್ಟಾಸ್ ವಿಂಡ್ ದೋಣಿ ಹಿಂದೂ ಮಹಾಸಾಗರದಲ್ಲಿ ರಾತ್ರಿ ಹವಳದ ದಿಬ್ಬಕ್ಕೆ ಬಡಿಯಿತು. ನುರಿತ ನಾವಿಕರು, ಒಳ್ಳೆಯ ಉಪಕರಣಗಳು. ಎಲೆಕ್ಟ್ರಾನಿಕ್ ನಕ್ಷೆಯನ್ನು ಸಾಕಷ್ಟು ಹಿಗ್ಗಿಸಿ ನೋಡದ್ದರಿಂದ ಅಪಾಯ ಕಾಣಲಿಲ್ಲ. ಪುಣ್ಯಕ್ಕೆ ಎಲ್ಲರೂ ಬದುಕಿದರು.

ಇನ್ನು ಹೊರಡುವ ಹೊತ್ತು. ಇದನ್ನು ತಲುಪುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ. 5 ನಾಟ್ ವೇಗಕ್ಕೆ (ಗಂಟೆಗೆ 5 ನಾಟಿಕಲ್ ಮೈಲಿ) 150 ಮೈಲಿ ಅಂದರೆ 30 ಗಂಟೆ. ಬೆಳಿಗ್ಗೆ 6ಕ್ಕೆ ಹೊರಟರೆ ಮರುದಿನ ಮಧ್ಯಾಹ್ನ 12ಕ್ಕೆ ಬಂದರು. 6 ನಾಟ್ ಸಿಕ್ಕರೆ ಬೆಳಿಗ್ಗೆ 7, ಆಗಲೂ ಬೆಳಕಿರುತ್ತದೆ. 4 ನಾಟ್ ಆದರೆ? ಸಂಜೆ ಏಳೂವರೆ. ಆಯಾಸ, ಕತ್ತಲೆ, ಗೊತ್ತಿಲ್ಲದ ಬಂದರು, ಮೂರೂ ಒಟ್ಟಿಗೆ. ಅದಕ್ಕೇ ದಾರಿಯಲ್ಲಿ ಒಳಹೋಗಬಹುದಾದ ಎರಡು ಬಂದರು ಮೊದಲೇ ಗುರುತು ಹಾಕಿಕೊಳ್ಳಿ. ಆ ಬಂದರು ಅಳಿವೆಯೊಳಗಿದ್ದರೆ ಇನ್ನೂ ಹುಷಾರು. ಇಳಿತದ ನೀರು ರಭಸದಿಂದ ಹೊರಬರುವಾಗ ಎದುರಿನಿಂದ ದೊಡ್ಡ ಅಲೆ ಬಂದರೆ, ಅಳಿವೆ ಬಾಯಿಯ ಮರಳದಿಬ್ಬದ ಮೇಲೆ ಅಲೆ ಎದ್ದು ಮುರಿಯುತ್ತದೆ. ಹೊರಗಿನಿಂದ ನೋಡಿದರೆ ಅಲೆಯ ಬೆನ್ನಷ್ಟೇ ಕಾಣುತ್ತದೆ, ಮುರಿಯುವ ಮುಖ ಕಾಣದು. ಭರತ ಬರುವವರೆಗೆ ಹೊರಗೇ ಕಾಯಿರಿ. ಮುಂದಿನ ಹಾಯಿಯನ್ನು ಗಾಳಿ ಬರುವ ಬದಿಗೆ ಎಳೆದು ಕಟ್ಟಿ, ದೋಣಿ ಗಾಳಿಯತ್ತ ತಿರುಗುವಂತೆ ಚುಕ್ಕಾಣಿ ಬಿಗಿದರೆ ದೋಣಿ ಹೆಚ್ಚುಕಡಿಮೆ ನಿಂತೇಬಿಡುತ್ತದೆ. ಇದನ್ನು ಹಗಲಲ್ಲಿ ನಾಲ್ಕು ಸಲ ಮಾಡಿ ಅಭ್ಯಾಸ ಮಾಡಿಕೊಂಡು ಹೊರಡಿ.

ನಿದ್ದೆಗೆ ಪಾಳಿ ಮಾಡಿಕೊಳ್ಳಿ. ಮೂವರಿದ್ದೀರಿ, ಮೂರು ಗಂಟೆ ಕೆಲಸ, ಆರು ಗಂಟೆ ಬಿಡುವು. ಮೊದಲ ದಿನ ಎಲ್ಲರಿಗೂ ಉತ್ಸಾಹ, ಯಾರೂ ಮಲಗುವುದಿಲ್ಲ. ಅದೇ ಬೆಳಗಿನ ಜಾವಕ್ಕೆ ಕಾಡುತ್ತದೆ. ಮಧ್ಯಾಹ್ನದಿಂದಲೇ ಪಾಳಿ ಶುರು ಮಾಡಿ, ನಿದ್ದೆ ಬಾರದಿದ್ದರೂ ಸುಮ್ನೆ ಕಣ್ಣು ಮುಚ್ಚಿ ಮಲಗಿ. ಕತ್ತಲಾಗುವ ಮೊದಲೇ ಒಂದು ರೀಫ್ ಹಾಕಿ, ಅಂದರೆ ಹಾಯಿಯ ಸ್ವಲ್ಪ ಭಾಗ ಮಡಚಿ ಕಟ್ಟಿ, ಹಾಯಿ ಚಿಕ್ಕದು ಮಾಡಿ. ಪಾಳಿಯಲ್ಲಿರುವವರು ಲೈಫ್ ಜಾಕೆಟ್ ಹಾಕಿ, ಪಟ್ಟಿಯನ್ನು ದೋಣಿಗೆ ಸಿಕ್ಕಿಸಿಕೊಂಡಿರಲೇಬೇಕು. ಒಬ್ಬರೇ ಇರುವಾಗ ಕಾಕ್‌ಪಿಟ್ (ಚುಕ್ಕಾಣಿ ಹಿಡಿದು ಕೂರುವ ಜಾಗ) ಬಿಟ್ಟು ಮುಂದೆ ಹೋಗಬಾರದು, ಇನ್ನೊಬ್ಬರನ್ನು ಎಬ್ಬಿಸಲೇಬೇಕು. ಎಬ್ಬಿಸಿದ್ದಕ್ಕೆ ಯಾರೂ ಗೊಣಗಬಾರದು ಎಂಬುದನ್ನೂ ಹೊರಡುವ ಮೊದಲೇ ಮಾತಾಡಿಕೊಳ್ಳಿ.

ದೂರದಲ್ಲಿ ಹಡಗಿನ ದೀಪ ಕಂಡರೆ ದಿಕ್ಸೂಚಿಯಲ್ಲಿ ಅದರ ದಿಕ್ಕು ನೋಡಿ. ಕೆಲವು ನಿಮಿಷ ಬಿಟ್ಟು ಮತ್ತೆ ನೋಡಿ. ದಿಕ್ಕು ಬದಲಾಗದೆ ಹಡಗು ಹತ್ತಿರವಾಗುತ್ತಿದ್ದರೆ ಡಿಕ್ಕಿ ಖಚಿತ ಅಂದುಕೊಳ್ಳಿ. ಹಡಗಿನ ಎಡಬದಿಯ ಕೆಂಪು, ಬಲಬದಿಯ ಹಸಿರು ಎರಡೂ ದೀಪ ಒಟ್ಟಿಗೆ ಕಂಡರೆ ಅದು ನೇರ ನಿಮ್ಮ ಕಡೆಗೇ ಬರುತ್ತಿದೆ. ಹಡಗಿನವರು ನಿಮ್ಮನ್ನು ನೋಡಿದ್ದಾರೆ ಎಂದು ನಂಬಿ ಕೂರಬೇಡಿ. ಬೇಗ ತಿರುಗಿ, ಅವರಿಗೂ ಕಾಣುವಷ್ಟು ದೊಡ್ಡದಾಗಿ ತಿರುಗಿ.

ಹೊರಡುವ ಮುನ್ನ ದಡದಲ್ಲಿರುವ ಒಬ್ಬರಿಗೆ ದಾರಿ, ಬದಲಿ ಬಂದರುಗಳು, ಎಷ್ಟು ಹೊತ್ತಿನವರೆಗೆ ಸುದ್ದಿ ಬಾರದಿದ್ದರೆ ರಕ್ಷಣಾ ಪಡೆಗೆ ತಿಳಿಸಬೇಕು ಎಂಬುದನ್ನು ಬರೆದುಕೊಡಿ. ತಲುಪಿದ ಕೂಡಲೇ ಅವರಿಗೆ ಫೋನ್ ಮಾಡಿ.