ತಳ ಹಸಿ, ಮೇಲೆ ಕಪ್ಪು: ಗೋಡೆ ಓವನ್ ಪ್ರಶ್ನೋತ್ತರ

ಪ್ರಶ್ನೆ: ಕೇಕ್ ಮೇಲ್ಗಡೆ ಸೀದುಹೋಗುತ್ತದೆ, ತಳ ಹಸಿಯಾಗೇ ಇರುತ್ತದೆ. ಥರ್ಮೋಸ್ಟಾಟ್ ಬದಲಿಸಬೇಕೇ?

ಉತ್ತರ: ಅವಸರ ಬೇಡ. ಈ ಲಕ್ಷಣಕ್ಕೆ ಹೆಚ್ಚಾಗಿ ಕಾರಣ ಕೆಳಗಿನ ಎಲಿಮೆಂಟ್ (ಬಿಸಿ ಕೊಡುವ ಕೊಳವೆ) ಸುಟ್ಟಿರುವುದು. ಕೆಳಗಿನದು ಸತ್ತರೆ ಇಡೀ ಓವನ್ನನ್ನು ಮೇಲಿನದೊಂದೇ ಕಾಯಿಸಬೇಕು. ಸೆನ್ಸರ್ ಕೇಳಿದಷ್ಟು ಬಿಸಿ ಬರುವವರೆಗೂ ಅದು ಉರಿಯುತ್ತಲೇ ಇರುತ್ತದೆ, ಕೇಕಿನ ನೆತ್ತಿ ಸುಡುತ್ತದೆ. ಖಾಲಿ ಓವನ್ನಿನಲ್ಲಿ ಕೆಳಗಿನ ಬಿಸಿಯನ್ನು ಮಾತ್ರ ಹಾಕಿ ಹತ್ತು ನಿಮಿಷ ಬಿಡಿ. ಆಮೇಲೂ ತಳ ಬಿಸಿ ಕಾರದಿದ್ದರೆ ಅನುಮಾನ ಗಟ್ಟಿ.

ಖಚಿತಪಡಿಸಿಕೊಳ್ಳಲು ಮಲ್ಟಿಮೀಟರ್ ಬೇಕು. ಗೋಡೆಯ ಸ್ವಿಚ್ ಸಾಲದು, ಮನೆಯ ವಿದ್ಯುತ್ ಬೋರ್ಡಿನಲ್ಲಿ ಓವನ್ ಲೈನಿನ ಎಂಸಿಬಿ ಸ್ವಿಚ್ಚನ್ನೇ ಇಳಿಸಿ. ಬಾಗಿಲು ತೆಗೆದರೆ ಚೌಕಟ್ಟಿನ ಎರಡೂ ಪಕ್ಕ ಸ್ಕ್ರೂ ಕಾಣುತ್ತವೆ. ಅವನ್ನು ಬಿಚ್ಚಿ ಓವನ್ನನ್ನು ಮುಂದಕ್ಕೆ ಎಳೆಯಿರಿ. ಭಾರದ ವಸ್ತು, ಇಬ್ಬರಿರಲಿ. ಹಿಂದಿನ ತಗಡು ಬಿಚ್ಚಿ, ಎಲಿಮೆಂಟಿನ ಒಂದು ವೈರನ್ನಾದರೂ ಕಳಚಿ ಅಳೆಯಿರಿ. ಕಳಚದೆ ಅಳೆದರೆ ಬೇರೆ ದಾರಿಯ ರೆಸಿಸ್ಟೆನ್ಸೂ ಸೇರಿ ತಪ್ಪು ಲೆಕ್ಕ ಬರುತ್ತದೆ. ಎಷ್ಟು ಓಮ್ ಇರಬೇಕು? ವೋಲ್ಟೇಜನ್ನು ಅದರಿಂದಲೇ ಗುಣಿಸಿ ವ್ಯಾಟಿನಿಂದ ಭಾಗಿಸಿ. 230 ವೋಲ್ಟಿಗೆ 1,100 ವ್ಯಾಟಿನದಾದರೆ ಸುಮಾರು 48 ಓಮ್, 2,000 ವ್ಯಾಟಿನದಾದರೆ 26. ಮೀಟರ್ ಓಮ್ ಲೆಕ್ಕ ಕೊಡದೆ OL (ಅಳತೆ ಮೀರಿದೆ) ಎಂದರೆ ಒಳಗಿನ ತಂತಿ ಕಡಿದಿದೆ ಎಂದರ್ಥ. ಹೊಸದು ಹಾಕುವಾಗ ವೈರಿನ ತುದಿಯ ಕ್ಲಿಪ್ ಕಪ್ಪಾಗಿ ಸಡಿಲವಾಗಿದ್ದರೆ ಅದನ್ನೂ ಬದಲಿಸಿ. ಸಡಿಲ ಕ್ಲಿಪ್ ಕಾದು ಕಾದು ಹೊಸ ಎಲಿಮೆಂಟಿನ ಟರ್ಮಿನಲನ್ನೂ ಸುಡುತ್ತದೆ.

ಇನ್ನೊಂದು ಮಾತು: ಓವನ್ನಿನ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿದ್ದರೆ ಮೊದಲು ತೆಗೆಯಿರಿ. ಕೆಳಗಿನ ಬಿಸಿಯನ್ನು ಅದೇ ತಡೆದಿರಬಹುದು. ಎನಾಮಲ್ಲಿಗೂ ಅದು ಒಳ್ಳೆಯದಲ್ಲ.

ಪ್ರಶ್ನೆ: ಕೆಲವು ತಿಂಗಳು ಬಳಸದೆ ಬಿಟ್ಟಿದ್ದ ಓವನ್ ಹಾಕಿದೊಡನೆ, ಕರೆಂಟು ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಬೀಳುತ್ತದೆ.

ಉತ್ತರ: ಎಲಿಮೆಂಟಿನ ಕೊಳವೆಯೊಳಗೆ ತಂತಿಯ ಸುತ್ತ ಮೆಗ್ನೀಷಿಯಂ ಆಕ್ಸೈಡ್ ಪುಡಿ ತುಂಬಿರುತ್ತದೆ. ಬಳಸದೆ ಬಿಟ್ಟರೆ ತುದಿಗಳಿಂದ ತೇವ ಎಳೆದುಕೊಳ್ಳುತ್ತದೆ, ಕರೆಂಟು ಲೋಹದ ಮೈಗೆ ಸೋರುತ್ತದೆ. ಯಾವ ಎಲಿಮೆಂಟ್ ಎಂದು ಮೊದಲು ಹಿಡಿಯಿರಿ: ಗ್ರಿಲ್, ಕೆಳಬಿಸಿ, ಫ್ಯಾನ್ ಬಿಸಿ, ಒಂದೊಂದನ್ನೇ ಹಾಕಿ ನೋಡಿ. ಗ್ರಿಲ್ಲಿನಲ್ಲಿ ಮಾತ್ರ ಬಿದ್ದರೆ ಗ್ರಿಲ್ ಎಲಿಮೆಂಟೇ. ಆಗ ಆರ್‌ಸಿಸಿಬಿ ಬೀಳದೇ ಇರುವ ಬೇರೆ ಬಿಸಿಯಲ್ಲಿ ಅರ್ಧ ಗಂಟೆ ಖಾಲಿ ಓವನ್ ಕಾಯಿಸಿದರೆ ತೇವ ಆರಿ ಸರಿಹೋಗುವುದುಂಟು. ಆಮೇಲೂ ಬಿದ್ದರೆ ಎಲಿಮೆಂಟ್ ಬದಲಿಸಬೇಕು. ಸಾಮಾನ್ಯ ಮಲ್ಟಿಮೀಟರಿಗೆ ಈ ಸೋರಿಕೆ ಕಾಣದಿರಬಹುದು. 500 ವೋಲ್ಟಿನ ಮೆಗ್ಗರ್ (ಇಂಥ ಸೋರಿಕೆ ಹಿಡಿಯುವ ಮೀಟರ್) ಇರುವ ಎಲೆಕ್ಟ್ರಿಷಿಯನ್ನನ್ನು ಕರೆಸಿ. ಆರ್‌ಸಿಸಿಬಿಯನ್ನು ತಪ್ಪಿಸಿ ಲೈನ್ ಕೊಡುವ 'ಉಪಾಯ'ಕ್ಕೆ ಮಾತ್ರ ಒಪ್ಪಬೇಡಿ. ಆಗ ಬೀಳುವುದು ಆರ್‌ಸಿಸಿಬಿಯಲ್ಲ, ಓವನ್ ಮುಟ್ಟಿದವರು.

ಪ್ರಶ್ನೆ: ಕರೆಂಟು ಹೋಗಿ ಬಂದ ಮೇಲೆ ದೀಪ ಉರಿಯುತ್ತದೆ, ಬಿಸಿಯಾಗುವುದಿಲ್ಲ.

ಉತ್ತರ: ಗಡಿಯಾರ ಮಿಣುಕುತ್ತಿದೆಯೇ? ಸಮಯ ಹೊಂದಿಸಿ. ಎಷ್ಟೋ ಓವನ್ನುಗಳು ಅಲ್ಲಿಯವರೆಗೆ ಬಿಸಿಯಾಗುವುದೇ ಇಲ್ಲ.

ಪ್ರಶ್ನೆ: 180 ಡಿಗ್ರಿ ಇಟ್ಟರೆ ಥರ್ಮಾಮೀಟರ್ ಒಮ್ಮೆ 168, ಒಮ್ಮೆ 192 ತೋರಿಸುತ್ತದೆ. ಯಾವುದನ್ನು ನಂಬಲಿ?

ಉತ್ತರ: ಸರಾಸರಿಯನ್ನು. ಎಲಿಮೆಂಟ್ ಹತ್ತಿ ಆರಿ ಹತ್ತುವುದರಿಂದ ಇಷ್ಟು ಏರಿಳಿತ ಸಹಜ. ಥರ್ಮಾಮೀಟರನ್ನು ನಡು ತಟ್ಟೆಯ ಮಧ್ಯದಲ್ಲಿಟ್ಟು, ಅರ್ಧ ಗಂಟೆ ಕಾಯಿಸಿದ ಮೇಲೆ ಗಾಜಿನಿಂದಲೇ ಐದು ನಿಮಿಷಕ್ಕೊಮ್ಮೆ ನೋಡಿ ಆರು ಸಲ ಬರೆದುಕೊಳ್ಳಿ. ಸರಾಸರಿ 160ರ ಆಸುಪಾಸು ಬಂದರೆ ಬಾಗಿಲ ಗ್ಯಾಸ್ಕೆಟ್ (ಅಂಚಿನ ಸೀಲ್ ಪಟ್ಟಿ) ನೋಡಿ: ಓವನ್ ತಣ್ಣಗಿರುವಾಗ ಕಾಗದದ ಚೂರು ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಜಾರಿ ಬಂದ ಕಡೆ ಬಿಸಿ ಸೋರುತ್ತಿದೆ. ಗ್ಯಾಸ್ಕೆಟ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಹೊಸದು ಬೇಕು. ಮೆತ್ತಗೇ ಇದ್ದರೆ ಬಾಗಿಲ ಕೀಲು ಸಡಿಲಾಗಿದೆಯೇ ನೋಡಿ.

ಪ್ರಶ್ನೆ: ಓವನ್ ಆರಿಸಿದರೂ ಫ್ಯಾನ್ ಓಡುತ್ತಲೇ ಇರುತ್ತದೆ.

ಉತ್ತರ: ಓಡಲಿ ಬಿಡಿ. ಅದು ಸುತ್ತಲಿನ ಮರ, ವೈರು, ಬಟನ್ನುಗಳನ್ನು ತಣಿಸುವ ಫ್ಯಾನ್. ಓವನ್ ಬಿಸಿಯಿರುವಾಗ ಅದು ಓಡದಿದ್ದರೆ ಮಾತ್ರ ಆತಂಕಪಡಿ: ಬಿಸಿ ಒಳಗೇ ಉಳಿದು ಥರ್ಮಲ್ ಕಟೌಟ್ ಕರೆಂಟು ಕಡಿಯುತ್ತದೆ, ಅಡುಗೆಯ ನಡುವೆ ಓವನ್ ತಣ್ಣಗಾಗುತ್ತದೆ.